ಗೇರು ಹೂಬಿಟ್ಟ ಹೊತ್ತಿಗೆ ಕೊಕ್ಕಡಕ್ಕೆ

ಮಂಗಳೂರಿನಿಂದ ಬೆಳಗ್ಗೆ ಆರಕ್ಕೆ ಬೈಕಿನಲ್ಲಿ ಹೊರಟು, ಬಿ.ಸಿ. ರೋಡಿನ ಧೂಳು ಕುಡಿದು, ಉಪ್ಪಿನಂಗಡಿಯಲ್ಲಿ ಬನ್ಸ್, ಚಹಾ ಮುಗಿಸಿ, ಪೆರಿಯಶಾಂತಿಯಲ್ಲಿ ಹೆದ್ದಾರಿ ಬಿಟ್ಟು ಧರ್ಮಸ್ಥಳದ ರಸ್ತೆಗೆ ಹೊರಳಿದಾಗ ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಜನವರಿ ತಿಂಗಳು, ಗೇರು ಹೂ ಬಿಡುವ ಕಾಲ. ಮುಂದೆ ಸೌತಡ್ಕಕ್ಕೆ ಹೊರಟ ಕಾರುಗಳ ಸಾಲಿತ್ತು. ಗರ್ಭಗುಡಿಯಿಲ್ಲದೆ ಬಯಲಿನಲ್ಲೇ ಕುಳಿತ ಆ ಗಣಪತಿಗೆ ಗಂಟೆ ಕಟ್ಟಲು ಬರುವವರಲ್ಲಿ, ಸುತ್ತಲಿನ ಕೊಕ್ಕಡದ ಗುಡ್ಡಗಳ ಮೇಲೆ ಒಂದು ಕಾಲದಲ್ಲಿ ಯಾವ ವಿಷ ಸುರಿಯಿತೆಂದು ಬಲ್ಲವರು ಎಷ್ಟು ಮಂದಿಯೋ.

ಚೆರ್ನೋಬಿಲ್‌ನ ಚಿತ್ರಗಳನ್ನು ನೋಡುತ್ತ ಕ್ಯಾಮೆರಾ ಕಲಿತವನು ನಾನು. 1986ರ ಏಪ್ರಿಲ್ 26ರಂದು ಅಲ್ಲಿನ ಅಣುಸ್ಥಾವರದ ನಾಲ್ಕನೆಯ ರಿಯಾಕ್ಟರ್ ಸಿಡಿದ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸೆರೆಹಿಡಿದ ಇಗೋರ್ ಕೋಸ್ಟಿನ್ ಅವರ ಫಿಲ್ಮ್ ವಿಕಿರಣಕ್ಕೆ ಕಪ್ಪಾಗಿ, ಒಂದೇ ಒಂದು ಚಿತ್ರ ಉಳಿಯಿತೆಂಬ ಕಥೆಯನ್ನು ಛಾಯಾಗ್ರಾಹಕರು ಇಂದಿಗೂ ಹೇಳಿಕೊಳ್ಳುತ್ತಾರೆ. ಅಲ್ಲಿ ತೋರಿಸಲು ಒಡೆದ ಕಟ್ಟಡವಿತ್ತು, ಜನ ಬಿಟ್ಟುಹೋದ ಪ್ರಿಪ್ಯಾತ್ ನಗರವಿತ್ತು. ಕೊಕ್ಕಡದಲ್ಲಿ ಹಾಗೇನೂ ಇಲ್ಲ. ಗುಡ್ಡ ಹಸಿರಾಗಿದೆ, ಗೇರು ಚಿಗುರು ತಾಮ್ರದ ಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ಅರ್ಧ ಗಂಟೆ ತೋಪಿನಲ್ಲಿ ಅಲೆದು ತೆಗೆದದ್ದೆಲ್ಲ ಕ್ಯಾಲೆಂಡರಿಗೆ ಒಪ್ಪುವ ಚಿತ್ರಗಳೇ ಆದವು.

ಇಲ್ಲಿಯೂ ಹೆಲಿಕಾಪ್ಟರ್ ಬಂದಿತ್ತು. ಗೇರಿನ ಚಿಗುರು, ಹೂಗಳ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು 1980ರ ದಶಕದಿಂದ 2000ದ ತನಕ ತೋಪುಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ನರವ್ಯೂಹಕ್ಕೆ ನಾಟುವ ಈ ವಿಷ ಮರಕ್ಕೆಷ್ಟೋ ಬಾವಿಗೂ ತೋಡಿಗೂ ಅಷ್ಟೇ ಇಳಿಯಿತು. ಗಡಿಯಾಚೆ ಕಾಸರಗೋಡಿನಲ್ಲಿ ಸಿಂಪಡಣೆ ಇನ್ನೂ ಮೊದಲೇ ಆರಂಭವಾಗಿತ್ತು. ಅಲ್ಲಿ ಊನಗೊಂಡು ಹುಟ್ಟುತ್ತಿದ್ದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆಯವರು ದಶಕಗಳ ಮೊದಲೇ ಬರೆದಿದ್ದರೂ, ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಲು 2011ರ ಮೇ ತಿಂಗಳು ಬರಬೇಕಾಯಿತು. ಈ ಅಂತರವನ್ನು ಯಾವ ಲೆನ್ಸಿನಲ್ಲಿ ಹಿಡಿಯುವುದು?

ಪರಿಚಯದ ಆಶಾ ಕಾರ್ಯಕರ್ತೆಯೊಬ್ಬರು ಗುಡ್ಡದ ಬುಡದ ಹಂಚಿನ ಮನೆಗೆ ಕರೆದೊಯ್ದರು. ಜಗಲಿಯಲ್ಲಿ ಗೋಡೆಗೊರಗಿ ಕುಳಿತಿದ್ದ ಮಗನಿಗೆ ಮೂವತ್ತನಾಲ್ಕು ವರ್ಷ, ತಾಯಿಗೆ ಅರವತ್ತು ದಾಟಿದೆ. ಅವನು ನಡೆದವನಲ್ಲ, ಮಾತಾಡಿದವನಲ್ಲ. ಆಗಾಗ ಅಪಸ್ಮಾರ ಬರುತ್ತದೆ. ಅವನ ತಲೆ ದಿನವಿಡೀ ಅತ್ತಿತ್ತ ಉಜ್ಜಿದ ಕಡೆ ಗೋಡೆಯ ಸುಣ್ಣ ಹೋಗಿ, ಒಳಗಿನ ಮಣ್ಣು ಎಣ್ಣೆ ಹಿಡಿದು ತಟ್ಟೆಯಗಲಕ್ಕೆ ನುಣುಪಾಗಿತ್ತು.

ನಾನು ಕ್ಯಾಮೆರಾ ಹೊರತೆಗೆಯಲು ಹಿಂಜರಿದದ್ದನ್ನು ಕಂಡು ಆ ತಾಯಿಯೇ, "ತೆಗೀರಿ ಮಾರಾಯ್ರೇ, ಎಷ್ಟು ಜನ ತೆಗ್ದುಕೊಂಡು ಹೋಗಿದ್ದಾರೆ. ಒಂದು ಪ್ರತಿಯೂ ವಾಪಸ್ ಬರ್ಲಿಲ್ಲ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಕುಚ್ಚಲಕ್ಕಿ ಗಂಜಿಯನ್ನು ಬೆರಳಲ್ಲಿ ಹಿಚುಕಿ, ಮಗನ ಬಾಯಿಗೆ ತುಸುತುಸುವೇ ಇಡುತ್ತ, ಅವನು ನುಂಗಿದ್ದು ಖಾತ್ರಿಯಾದ ಮೇಲಷ್ಟೇ ಮುಂದಿನ ತುತ್ತು ಕೊಡುತ್ತಿದ್ದರು. ಹೆಲಿಕಾಪ್ಟರ್ ನೋಡಲು ಊರಿನ ಮಕ್ಕಳೆಲ್ಲ ಗುಡ್ಡಕ್ಕೆ ಓಡುತ್ತಿದ್ದುದನ್ನೂ, ತುಂಬು ಬಸುರಿಯಾಗಿ ತಾನು ಅದೇ ತೋಪಿನಲ್ಲಿ ಗೇರುಬೀಜ ಹೆಕ್ಕಿದ್ದನ್ನೂ ಗಂಜಿಯ ನಡುವೆಯೇ ಹೇಳಿದರು. ಬಟ್ಟಲು ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಮಧ್ಯಾಹ್ನ ಮತ್ತೊಮ್ಮೆ, ರಾತ್ರಿ ಮತ್ತೊಮ್ಮೆ. ಮೂವತ್ತನಾಲ್ಕು ವರ್ಷಗಳ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಆಮೇಲೆ ಅವರೇ ಕೇಳಿದ್ದು ಬೇರೆಯೇ ಫೋಟೋ. ಅಂಗವಿಕಲರ ಕಾರ್ಡಿಗೆ ಪಾಸ್‌ಪೋರ್ಟ್ ಅಳತೆಯದ್ದು ಬೇಕಾಗಿತ್ತು. ಪೇಟೆಯ ಸ್ಟುಡಿಯೋಗೆ ಎತ್ತಿಕೊಂಡು ಹೋಗುವಷ್ಟು ಶಕ್ತಿ ಈಗ ಸೊಂಟದಲ್ಲಿಲ್ಲ ಎಂದರು. ಬಿಳಿ ಮುಂಡೊಂದನ್ನು ಗೋಡೆಗೆ ಕಟ್ಟಿದೆವು. ತಲೆ ನೇರ ನಿಲ್ಲದ್ದರಿಂದ ತಾಯಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಗದ್ದ ಹಿಡಿದುಕೊಂಡರು. ಹನ್ನೊಂದನೆಯ ಸಲ ಕ್ಲಿಕ್ಕಿಸಿದಾಗ ಅವನ ಕಣ್ಣು ಕ್ಯಾಮೆರಾದ ಕಡೆಗಿತ್ತು.

ಮರಳುವ ದಾರಿಯಲ್ಲಿ ನೆಲ್ಯಾಡಿಯ ಸ್ಟುಡಿಯೋದ ಹುಡುಗ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, "ಸರ್, ಗದ್ದದ ಕೆಳಗೆ ಯಾರದ್ದೋ ಬೆರಳು ಬಂದಿದೆ, ತೆಗೀಲಾ?" ಎಂದು ಕೇಳಿದ. ಇದ್ದರೆ ಕಚೇರಿಯಲ್ಲಿ ಒಪ್ಪುವುದಿಲ್ಲ. ತೆಗೆಸಿ, ಎಂಟು ಪ್ರತಿ ಹಾಕಿಸಿ, ಕೊಕ್ಕಡಕ್ಕೆ ತಿರುಗಿ ಹೋಗಿ ಕೊಟ್ಟುಬಂದೆ. ಬೆರಳು ಉಳಿದಿರುವ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಮುಂದಿನ ವಾರ ಅವರಿಗೆ ಅಂಚೆಯಲ್ಲಿ ಕಳಿಸಿದೆ.