ವಾಥಿಯಾಗೆ ಹೋಗುವವರಿಗೆ: ಮಧ್ಯಾಹ್ನ ಮಾತ್ರ ಬೇಡ

ಮೊದಲ ಸಲ ಗ್ರೀಸ್‌ನ ವಾಥಿಯಾ ಎಂಬ ಹಳ್ಳಿ ತಲುಪಿದಾಗ ಮಧ್ಯಾಹ್ನ ಒಂದೂವರೆ. ಜುಲೈ ಬಿಸಿಲು. ನೀರು ದಾರಿಯಲ್ಲೇ ಖಾಲಿಯಾಗಿತ್ತು. ಊರಲ್ಲಿ ಒಂದು ಅಂಗಡಿಯಾದರೂ ಇರುತ್ತದೆ ಅಂದುಕೊಂಡಿದ್ದೆ, ತೆರೆದದ್ದು ಒಂದೂ ಕಾಣಲಿಲ್ಲ. ಹತ್ತೇ ನಿಮಿಷಕ್ಕೆ ಕಾರಿಗೆ ವಾಪಸ್. ಮರುದಿನ ಸಂಜೆ ಏಳರ ಹೊತ್ತಿಗೆ ಮತ್ತೆ ಹೋದೆ. ಊರು ಸರಿಯಾಗಿ ಕಂಡಿದ್ದು ಆಗಲೇ.

ವಾಥಿಯಾ ಇರುವುದು ಗ್ರೀಸ್‌ನ ಮುಖ್ಯಭೂಮಿಯ ದಕ್ಷಿಣ ತುದಿಯಲ್ಲಿ, ಮಾನಿ ಎಂಬ ಒಣ ಕಲ್ಲುಸೀಮೆಯಲ್ಲಿ. ಅಥೆನ್ಸ್‌ನಿಂದ ಸ್ಪಾರ್ಟಾ ದಾಟಿ ಅರಿಯೋಪೊಲಿ ಪಟ್ಟಣದವರೆಗೆ ಬಸ್ ಸಿಗುತ್ತದೆ. ಅಲ್ಲಿಂದ ಮುಂದೆ ಬಸ್ಸನ್ನು ನಂಬಿಕೊಳ್ಳಬೇಡಿ, ಕಾರು ಬೇಕೇಬೇಕು. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಭಾರತದಲ್ಲೇ ಮಾಡಿಸಿಕೊಂಡು ಹೋಗಿ. ಪೆಟ್ರೋಲ್, ನಗದು, ನೀರು ಎಲ್ಲವನ್ನೂ ಅರಿಯೋಪೊಲಿಯಲ್ಲೇ ನೋಡಿಕೊಳ್ಳಿ. ದಾರಿ ಕಿರಿದು, ತಿರುವು ಜಾಸ್ತಿ, ಸಣ್ಣ ಕಾರೇ ವಾಸಿ.

ಗುಡ್ಡದ ನೆತ್ತಿಯ ಮೇಲೆ ಒತ್ತೊತ್ತಾಗಿ ನಿಂತ ಕಲ್ಲಿನ ಗೋಪುರಗಳು. ಎಲ್ಲವೂ ಮನೆಗಳೇ. ಹೆಚ್ಚಿನವು 18 ಮತ್ತು 19ನೇ ಶತಮಾನದವು. ಕಿಟಕಿಗಳು ಅಂಗೈಯಗಲ. ಕಾರಣ ಹೊರಗಿನ ಶತ್ರುವಷ್ಟೇ ಅಲ್ಲ, ಪಕ್ಕದ ಮನೆಯವನೂ ಹೌದು! ಮಾನಿಯಲ್ಲಿ ಕುಟುಂಬಗಳ ನಡುವಿನ ಹಗೆ ತಲೆಮಾರುಗಟ್ಟಲೆ ನಡೆಯುತ್ತಿತ್ತು. ಯಾರ ಗೋಪುರ ಎತ್ತರವೋ ಅವರ ಕೈ ಮೇಲು. ಗಂಡುಮಕ್ಕಳನ್ನು ‘ಬಂದೂಕು’ ಎಂದೇ ಕರೆಯುತ್ತಿದ್ದರಂತೆ. ಸುಗ್ಗಿ ಬಂದರೆ ಮಾತ್ರ ಕದನವಿರಾಮ, ಅದಕ್ಕೆ ‘ತ್ರೇವಾ’ ಎಂದು ಹೆಸರು. ಹೊಟ್ಟೆಪಾಡು ಎಲ್ಲರಿಗೂ ಒಂದೇ ಅಲ್ವಾ? 1830ರ ದಶಕದಲ್ಲಿ ಗ್ರೀಸ್‌ನ ದೊರೆ ಒಟ್ಟೋನ ಸರ್ಕಾರ ಈ ಗೋಪುರಗಳನ್ನು ಕೆಡವಲು ಸೈನ್ಯ ಕಳಿಸಿ ಸೋತಿತು.

ಸೈನ್ಯಕ್ಕೆ ಆಗದ್ದನ್ನು ಬಡತನ ಮಾಡಿತು. ಇಲ್ಲಿ ಮಣ್ಣು ತೆಳು, ಕುಡಿಯಲು ತೊಟ್ಟಿಯಲ್ಲಿ ಕೂಡಿಟ್ಟ ಮಳೆನೀರು. ಆಲಿವ್ ಬಿಟ್ಟರೆ ದೊಡ್ಡ ಬೆಳೆಯಿಲ್ಲ. ಊರು ಬಿಡುವುದು ಮಾನಿಯವರಿಗೆ ಹೊಸದೂ ಅಲ್ಲ. 1670ರ ದಶಕದಲ್ಲೇ ಅರಿಯೋಪೊಲಿಯ ಉತ್ತರಕ್ಕಿರುವ ಇತಿಲೊದಿಂದ ನೂರಾರು ಜನ ಹಡಗು ಹತ್ತಿ ಕಾರ್ಸಿಕಾ ದ್ವೀಪಕ್ಕೆ ಹೋಗಿ ನೆಲೆಸಿದ್ದರು. 20ನೇ ಶತಮಾನದಲ್ಲಿ ವಾಥಿಯಾದವರು ಅಥೆನ್ಸ್, ಅದರ ಬಂದರು ಪಿರೇಯಸ್ ಸೇರಿದರು, ಕೆಲವರು ಅಮೆರಿಕಕ್ಕೂ ಹೋದರು. ಆಮೇಲೆ ಗ್ರೀಸ್‌ನ ಪ್ರವಾಸೋದ್ಯಮ ಇಲಾಖೆ ಕೆಲವು ಗೋಪುರ ರಿಪೇರಿ ಮಾಡಿಸಿ ಅತಿಥಿಗೃಹ ನಡೆಸಿತು. ಅದೂ ಮುಚ್ಚಿಹೋಯಿತು.

ಹಾಗಂತ ಇದನ್ನು ‘ದೆವ್ವದ ಊರು’ ಅನ್ನುವ ವಿಡಿಯೋಗಳನ್ನು ನಂಬಬೇಡಿ. ನನಗೆ ಅವು ಸಿಟ್ಟು ತರಿಸುತ್ತವೆ. ಎಷ್ಟೋ ಬಾಗಿಲಿಗೆ ಬೀಗವಿದೆ, ಅಂದರೆ ಬೀಗದ ಕೈ ಯಾರ ಹತ್ತಿರವೋ ಇದೆ. ಚಳಿಗಾಲದಲ್ಲಿ ಬೆರಳೆಣಿಕೆಯ ಜನ, ಈಸ್ಟರ್‌ಗೆ, ಬೇಸಿಗೆಗೆ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ನಾನು ಹೋದ ಸಂಜೆ ಒಂದು ಗೋಪುರದ ಕೆಳಗೆ ಬಟ್ಟೆ ಒಣಗುತ್ತಿತ್ತು. ಅರೆತೆರೆದ ಬಾಗಿಲು ಕಂಡರೆ ಸುಮ್ನೆ ಒಳಗೆ ನುಗ್ಗಬೇಡಿ. ಮನೆ ಯಾರದೋ ಇರುತ್ತದೆ, ಮೇಲಾಗಿ ಅಟ್ಟದ ಹಲಗೆಗಳು ಎಷ್ಟೋ ಕಡೆ ಕೊಳೆತಿವೆ.

ಉಳಿಯಲು ಕಡಲಂಚಿನ ಹಳ್ಳಿ ಯೆರೊಲಿಮೆನಾಸ್ ಚೆನ್ನಾಗಿದೆ, ಕಾರಲ್ಲಿ ಕಾಲು ಗಂಟೆ. ಬೆಳಗ್ಗೆ ಬೇಗ ಎದ್ದು ತೆನಾರೊ ಭೂಶಿರಕ್ಕೆ ಹೋಗಿ. ಹಳೇ ಗ್ರೀಕರು ಪಾತಾಳದ ಬಾಗಿಲು ಎಂದು ನಂಬಿದ್ದ ಜಾಗ ಅದು. ಕಾರು ನಿಲ್ಲಿಸಿ ದೀಪಸ್ತಂಭದವರೆಗೆ ಮುಕ್ಕಾಲು ಗಂಟೆ ನಡಿಗೆ, ನೆರಳೇ ಇಲ್ಲ. ಚಪ್ಪಲಿ ಸಾಲದು, ಶೂ ಹಾಕಿಕೊಳ್ಳಿ.

ಸಸ್ಯಾಹಾರಿಗಳಿಗೊಂದು ಎಚ್ಚರಿಕೆ. ಇಲ್ಲಿನ ಮೊಟ್ಟೆ–ಟೊಮೆಟೊ ಪಲ್ಯದಂಥ ‘ಕಯಾನಾಸ್’ನಲ್ಲಿ ಹೊಗೆಯಾಡಿಸಿದ ಹಂದಿಮಾಂಸ ಹಾಕುವುದುಂಟು. ಮೊದಲೇ ‘ಖೊರೀಸ್ ಕ್ರೆಯಾಸ್’, ಮಾಂಸ ಬೇಡ, ಅಂತ ಹೇಳಿಬಿಡಿ. ಬೇಯಿಸಿದ ಸೊಪ್ಪು ‘ಹೋರ್ತಾ’ ಸುಮಾರು ಎಲ್ಲ ಕಡೆ ಸಿಗುತ್ತದೆ. ನಿಂಬೆಹಣ್ಣು ಜಾಸ್ತಿ ಕೇಳಿ ಹಿಂಡಿಕೊಳ್ಳಿ.