32 ಸ್ಲೈಡ್ ಮುಗಿದ್ರೂ ಬಲ್ಬ್ ಉರೀಲಿಲ್ಲ

ನಾನಿನ್ನೂ ಪೂರ್ತಿ ಟೀಚರ್ ಆಗಿಲ್ಲ, ಟ್ರೈನಿಂಗ್‌ನಲ್ಲಿ ಇನ್ನೊಂದು ಸೆಮಿಸ್ಟರ್ ಬಾಕಿ ಇದೆ, ಈಗ ಪ್ರಾಕ್ಟೀಸ್ ಟೀಚಿಂಗ್ ಅಂತ ಏಳನೇ ಕ್ಲಾಸಿಗೆ ಸೈನ್ಸ್ ತಗೊಳ್ತಾ ಇದೀನಿ. ಮೊದಲ ಪಾಠ ಸಿಕ್ಕಿದ್ದು ವಿದ್ಯುತ್ ಮಂಡಲ. ಮೂರು ರಾತ್ರಿ ಕೂತು 32 ಸ್ಲೈಡ್ ಮಾಡ್ದೆ, ಬಾಣದ ಗುರುತು ಓಡಾಡೋ ಹಾಗೆ ಆನಿಮೇಷನ್, ಮಧ್ಯ ಎರಡು ವಿಡಿಯೋ, ಕೊನೇಲಿ ಒಂದು ಕ್ವಿಜ್. ಮಕ್ಕಳಿಗೆ ಟೆಕ್ನಾಲಜಿ ಅಂದ್ರೆ ಇಷ್ಟ, ಇಷ್ಟ ಆದ್ರೆ ಕಲಿತಾರೆ ಅಂತ ನಾನು ಮನಸಾರೆ ನಂಬಿದ್ದೆ.

ಕ್ಲಾಸಲ್ಲಿ ಗಲಾಟೆನೇ ಇರ್ಲಿಲ್ಲ. ಎಲ್ಲರ ಕಣ್ಣೂ ಸ್ಕ್ರೀನ್ ಮೇಲೆ. ಅರ್ಥ ಆಗ್ತಿದೆ ಅಂತ ಅನ್ಕೊಂಡು ಒಂದಾದ್ಮೇಲೊಂದು ಸ್ಲೈಡ್ ಒತ್ತುತ್ತಾ ಹೋದೆ. ಹಿಂದಿನ ಬೆಂಚಲ್ಲಿ ನಮ್ಮ ಗೈಡ್ ಮೇಡಂ ಏನೋ ಬರ್ಕೊಳ್ತಾ ಇದ್ರು.

ಕೊನೇ ಹತ್ತು ನಿಮಿಷಕ್ಕೆ ಅಂತ ಇಬ್ಬಿಬ್ಬರಿಗೆ ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದು ತುಂಡು ವೈರ್ ಕೊಟ್ಟು ಉರಿಸಿ ನೋಡೋಣ ಅಂದೆ. ಎರಡನೇ ಸಾಲಲ್ಲಿದ್ದ ಹುಡುಗಿ ವೈರಿನ ಒಂದು ತುದಿನ ಸೆಲ್ ತಲೆಗೆ ಒತ್ತಿ, ಇನ್ನೊಂದು ತುದಿನ ಬಲ್ಬಿನ ತಳಕ್ಕೆ ಮುಟ್ಟಿಸ್ಕೊಂಡು ಹಾಗೇ ನನ್ನ ಮುಖ ನೋಡ್ತಾ ಕೂತಿದ್ಲು, ಈಗ ಹತ್ತುತ್ತೆ ಈಗ ಹತ್ತುತ್ತೆ ಅಂತ. "ಮುಚ್ಚಿದ ಮಂಡಲದಲ್ಲಿ ಮಾತ್ರ ವಿದ್ಯುತ್ ಹರಿಯುತ್ತದೆ" ಅನ್ನೋ ವಾಕ್ಯ ಕೇಳಿದ್ರೆ ಅವಳು ಒಂದಕ್ಷರ ತಪ್ಪಿಲ್ಲದೆ ಹೇಳ್ತಿದ್ಲು, ಐದು ನಿಮಿಷದ ಹಿಂದೆ ಹೇಳಿದ್ಲು ಕೂಡ. 18 ಜೋಡಿಯಲ್ಲಿ ಬಲ್ಬ್ ಹೊತ್ತಿದ್ದು ಮೂರರದ್ದು.

ಆಮೇಲೆ ಮೇಡಂ ಬೈಲಿಲ್ಲ. "ಸ್ಲೈಡ್ ಚೆನ್ನಾಗಿತ್ತಮ್ಮ, ಆದ್ರೆ ನೀನು ಮಕ್ಕಳ ಕಡೆ ತಿರುಗಿದ್ದು ಎಷ್ಟು ಸಲ?" ಅಂತ ಕೇಳಿದ್ರು ಅಷ್ಟೇ. ನನಗೆ ತುಂಬಾ ಬೇಜಾರಾಯ್ತು, ಯಾಕಂದ್ರೆ ಇದೆಲ್ಲ ನಾನು ಓದಿದ್ದೇ. ರಿಚರ್ಡ್ ಮೇಯರ್ ಅನ್ನೋ ಮನಶ್ಶಾಸ್ತ್ರಜ್ಞರ ಪ್ರಯೋಗಗಳ ಬಗ್ಗೆ ಪರೀಕ್ಷೇಲಿ ಬರೆದಿದ್ದೆ, ಚಿತ್ರ ತೋರಿಸ್ತಾ ಬಾಯಲ್ಲಿ ವಿವರಿಸ್ತಿರೋವಾಗ ಅದೇ ಮಾತುಗಳನ್ನ ಸ್ಕ್ರೀನ್ ಮೇಲೂ ಅಕ್ಷರದಲ್ಲಿ ಹಾಕಿದ್ರೆ ಕಲಿಕೆ ಹೆಚ್ಚೋ ಬದಲು ಕಮ್ಮಿ ಆಗೋ ಸಾಧ್ಯತೆ ಇದೆ ಅಂತ. ನನ್ನ 32 ಸ್ಲೈಡಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ನಾನು ಹೇಳೋ ಮಾತೇ ಅಕ್ಷರವಾಗಿ ತುಂಬಿತ್ತು.

ಇದನ್ನ ಹೇಳಿದಾಗ ನನ್ನ ಬ್ಯಾಚ್‌ನವರು ಕೆಲವರು, ಬಿಡು, ಚಾಕ್‌ಪೀಸೇ ಸಾಕು, ಇವೆಲ್ಲ ಬರೀ ಶೋ ಅಂದ್ರು. ನಾನಿದನ್ನ ಒಪ್ಪಲ್ಲ. ಬಲ್ಬು ವೈರು ಕೈಗೆ ಸಿಗುತ್ತೆ, ಸರಿ, ಆದ್ರೆ ವೈರ್ ಒಳಗೆ ಆಗೋದು ಯಾರ ಕಣ್ಣಿಗೂ ಕಾಣಲ್ವಲ್ಲ. ಬೋರ್ಡ್ ಮೇಲೆ ನಾನು ಎಷ್ಟೇ ಬಾಣ ಬರೆದ್ರೂ ಅದು ನಿಂತ ಬಾಣ. ಅಂಥ ಕಡೆ ನನಗೆ ಕಂಪ್ಯೂಟರ್ ಬೇಕೇ ಬೇಕು. ನಮ್ಮ ಕೋರ್ಸಲ್ಲಿ ಫೆಟ್ ಸಿಮ್ಯುಲೇಷನ್ ಬಗ್ಗೆ ಹೇಳ್ಕೊಟ್ಟಿದ್ರು, ಅಂದ್ರೆ ಕಂಪ್ಯೂಟರ್ ಸ್ಕ್ರೀನ್ ಮೇಲೇ ಪ್ರಯೋಗ ಮಾಡಿ ನೋಡೋದು, 2001ರಲ್ಲಿ ಫಿಸಿಕ್ಸ್ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ಯೂನಿವರ್ಸಿಟೀಲಿ ಶುರು ಮಾಡಿದ್ದು, ಫ್ರೀ ಆಗಿ ಸಿಗುತ್ತೆ. ಅದರಲ್ಲಿ ಸೆಲ್, ವೈರ್, ಬಲ್ಬ್ ಎಳೆದು ಜೋಡಿಸಿದ್ರೆ ಎಲೆಕ್ಟ್ರಾನ್‌ಗಳು ನೀಲಿ ಚುಕ್ಕೆಗಳಾಗಿ ಕಾಣ್ತವೆ.

ಮರುವಾರ ಅದೇ ಪಾಠ ಇನ್ನೊಂದು ಸೆಕ್ಷನ್‌ಗೆ. ಸಿಮ್ಯುಲೇಷನ್ ಮೊದಲಾ, ನಿಜವಾದ ಬಲ್ಬ್ ಮೊದಲಾ ಅಂತ ಎರಡು ದಿನ ತಲೆ ಕೆಡಿಸ್ಕೊಂಡೆ. ಅದೇ ಕೊಲೊರಾಡೊದವರ 2005ರ ಅಧ್ಯಯನ ಒಂದಿದೆ, ಸಿಮ್ಯುಲೇಷನ್‌ನಲ್ಲಿ ಅಭ್ಯಾಸ ಮಾಡಿದ ಕಾಲೇಜ್ ವಿದ್ಯಾರ್ಥಿಗಳು ನಿಜವಾದ ವೈರ್ ಬಲ್ಬ್ ಕೊಟ್ಟಾಗಲೂ ಲ್ಯಾಬಲ್ಲಿ ಅಭ್ಯಾಸ ಮಾಡಿದವರಿಗಿಂತ ಚೆನ್ನಾಗಿ ಮಾಡಿದ್ರಂತೆ. ಆದ್ರೆ ಅವರು ಕಾಲೇಜಿನವರು. ನನ್ನ ಮಕ್ಕಳು ಬಲ್ಬಿನ ಹೊಟ್ಟೆಯಲ್ಲಿ ಏನಿದೆ ಅಂತ ಒಂದು ಸಲನೂ ನೋಡಿದವರಲ್ಲ. ಅದಕ್ಕೇ ಬಲ್ಬೇ ಮೊದಲು ಅಂತ ತೀರ್ಮಾನ ಮಾಡ್ದೆ. ಸ್ಲೈಡ್ ಒಂದೂ ಇಲ್ಲ.

ಹದಿನೈದು ನಿಮಿಷ ಸುಮ್ನೆ ಬಿಟ್ಟೆ. ಆ ಹದಿನೈದು ನಿಮಿಷ ಬಾಯಿ ಮುಚ್ಕೊಂಡಿರೋದು ಸ್ಲೈಡ್ ಮಾಡೋದಕ್ಕಿಂತ ಕಷ್ಟ, ನಿಜವಾಗ್ಲೂ. ಒಬ್ಬ ಹುಡುಗ ಬಲ್ಬನ್ನ ಕಣ್ಣಿನ ಹತ್ರ ಹಿಡಿದು ನೋಡಿ, ಒಳಗಿನ ತಂತಿಗೆ ಎರಡು ಕಾಲಿದೆ, ಒಂದು ಕಾಲು ತಳದ ಚುಕ್ಕೆಗೆ, ಇನ್ನೊಂದು ಪಕ್ಕದ ಲೋಹಕ್ಕೆ ಹೋಗಿರ್ಬೇಕು ಅಂದ. ಬಲ್ಬಿನ ತಳನ ಸೆಲ್ ತಲೆ ಮೇಲೆ ಕೂರಿಸಿ, ಸೆಲ್ಲಿನ ಕೆಳಗಿಂದ ವೈರ್ ತಂದು ಬಲ್ಬಿನ ಪಕ್ಕಕ್ಕೆ ಮುಟ್ಟಿಸಿದ. ಹತ್ತಿತು! ಎರಡೇ ನಿಮಿಷದಲ್ಲಿ ಇಡೀ ಕ್ಲಾಸಿಗೆ ಗೊತ್ತಾಗೋಯ್ತು, ನಾನು ಹೇಳೋ ಅಗತ್ಯನೇ ಬೀಳ್ಲಿಲ್ಲ.

ಆಮೇಲೆ ಕರೆಂಟ್ ಹೇಗೆ ಹರಿಯುತ್ತೆ ಅಂತ ನೋಟ್‌ಬುಕ್ಕಲ್ಲಿ ಬಾಣ ಬರೀರಿ ಅಂದೆ. ಕಿಟಕಿ ಪಕ್ಕ ಕೂತಿದ್ದ ಹುಡುಗ ಬಲ್ಬಿಗೆ ಮುಂಚೆ ದಪ್ಪ ಬಾಣ, ಬಲ್ಬ್ ಆದ್ಮೇಲೆ ಸಣ್ಣ ಬಾಣ ಬರೆದ. ಯಾಕೆ ಅಂದ್ರೆ, "ಬಲ್ಬ್ ಸ್ವಲ್ಪ ತಿಂದ್ಬಿಡುತ್ತಲ್ಲ ಮಿಸ್." ತುಂಬಾ ಜನ ಹಾಗೇ ಬರೆದಿದ್ರು. ಮೊದಲ ಸೆಕ್ಷನ್‌ನವರ ತಲೇಲೂ ಇದೇ ಇದ್ದಿರ್ಬೇಕು, ನಾನು ಕೇಳಿರ್ಲೇ ಇಲ್ಲ.

ಆಗ ಸಿಮ್ಯುಲೇಷನ್ ತೆಗೆದೆ. ನೆಟ್ ಅವತ್ತು ಕೈಕೊಟ್ಟಿತ್ತು, ಮುಂಚೇನೇ ಡೌನ್‌ಲೋಡ್ ಮಾಡಿಟ್ಕೊಂಡಿದ್ದಕ್ಕೆ ಬಚಾವ್. ಸ್ವಿಚ್ ತೆರೆದಿರೋವಾಗ್ಲೇ, ಅಂದ್ರೆ ಆಫ್ ಇರೋವಾಗ್ಲೇ, ವೈರ್ ತುಂಬಾ ನೀಲಿ ಚುಕ್ಕೆ, ಎಲ್ಲಾ ನಿಂತಿವೆ. ಸ್ವಿಚ್ ಮುಚ್ಚಿದ ತಕ್ಷಣ ಏನಾಗುತ್ತೆ ಹೇಳಿ ಅಂತ ಮೊದಲು ಕೇಳಿ, ಆಮೇಲೆ ಒತ್ತಿದೆ. ಎಲ್ಲಾ ಚುಕ್ಕೆನೂ ಒಟ್ಟಿಗೇ ಹೊರಟ್ವು. ಸೆಲ್ಲಿಂದ ಹೊರಟು ಬಲ್ಬ್ ತನಕ ಬರೋಕೆ ಟೈಮ್ ಬೇಕು ಅಂದ್ಕೊಂಡಿದ್ದವರೆಲ್ಲ ಒಂದು ಸಲ ಸುಮ್ನಾದ್ರು. ನಿಜವಾದ ವೈರಲ್ಲಿ ಎಲೆಕ್ಟ್ರಾನ್ ಮುಂದಕ್ಕೆ ಸರಿಯೋದು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರ್‌ಗಿಂತಲೂ ಕಮ್ಮಿ, ಆದ್ರೆ ಎಲ್ಲಾ ಕಡೆ ಒಟ್ಟಿಗೇ ಸರಿಯೋಕೆ ಶುರುವಾಗೋದ್ರಿಂದ ಬಲ್ಬ್ ತಕ್ಷಣ ಉರಿಯುತ್ತೆ ಅಂತ ಹೇಳ್ದೆ. ಎಲೆಕ್ಟ್ರಾನ್ ಅಂದ್ರೆ ನೀಲಿ ಗೋಲಿ ಅಲ್ಲ, ಇದು ನಮಗೆ ಕಾಣ್ಲಿ ಅಂತ ಮಾಡಿದ ಚಿತ್ರ ಅಂತಾನೂ ಹೇಳ್ದೆ, ಇಲ್ಲಾಂದ್ರೆ ಆ ಗೋಲಿನೇ ತಲೇಲಿ ಕೂತ್ಬಿಡುತ್ತೆ.

ಆಮೇಲೆ ದಪ್ಪ ಬಾಣ ಬರೆದವನನ್ನೇ ಕರೆದು ಮೌಸ್ ಕೊಟ್ಟೆ. ಬಲ್ಬಿಗೆ ಮುಂಚೆ ಕರೆಂಟ್ ಅಳೆಯೋ ಒಂದು ಅಮ್ಮೀಟರ್, ಆಮೇಲೆ ಒಂದು. ಎರಡರಲ್ಲೂ ಒಂದೇ ನಂಬರ್. ಅವನು ನಂಬ್ಲಿಲ್ಲ, ಇನ್ನೊಂದು ಬಲ್ಬ್ ಸೇರಿಸಿ ನೋಡಿದ, ನಂಬರ್ ಇಳೀತು, ಆದ್ರೆ ಎಲ್ಲಾ ಕಡೆ ಒಂದೇ ಸಮ ಇಳೀತು. ಹೀಗೆ ಬೇಕಾದ ಹಾಗೆ ಕಿತ್ತು ಜೋಡಿಸಿ, ತಪ್ಪು ಮಾಡಿ, ಮತ್ತೆ ನೋಡೋದಿದೆಯಲ್ಲ, ಇದು ನನ್ನ ಯಾವ ಸ್ಲೈಡಲ್ಲೂ ಆಗ್ತಿರ್ಲಿಲ್ಲ. ಸಿಮ್ಯುಲೇಷನ್ ಓಡಿದ್ದು ಒಟ್ಟು ಎಂಟು ನಿಮಿಷ.

ಅವನು ಜಾಗಕ್ಕೆ ಹೋಗಿ ಸಣ್ಣ ಬಾಣನ ರಬ್ಬರಲ್ಲಿ ಉಜ್ಜಿ ದಪ್ಪ ಮಾಡ್ದ. ಪೆನ್ಸಿಲ್ ಕೆಳಗಿಡ್ಲಿಲ್ಲ, ಅದೇ ಚಿತ್ರ ನೋಡ್ತಾ ಕೂತಿದ್ದ. ಬೆಲ್ ಹೊಡೆಯೋ ಹೊತ್ತಿಗೆ ಕೈ ಎತ್ತಿ ಕೇಳ್ದ, "ಕರೆಂಟ್ ಕಮ್ಮಿನೇ ಆಗಲ್ಲ ಅಂದ್ರೆ, ಸೆಲ್ ಖಾಲಿ ಆಗುತ್ತಲ್ಲ ಮಿಸ್, ಅದರಲ್ಲಿ ಖಾಲಿ ಆಗೋದೇನು?"

ಮುಂದಿನ ಪಾಠದ ಪ್ಲಾನ್‌ನಲ್ಲಿ ಮೊದಲ ಸಾಲಿಗೆ ಅವನ ಈ ಪ್ರಶ್ನೆನೇ ಬರ್ಕೊಂಡಿದೀನಿ.