ರೆಪ್ಪೆ ಮಾಯುವ ಹೊತ್ತು

ಜೋತುಬಿದ್ದಿದ್ದ ಮೇಲುರೆಪ್ಪೆಯ ಚರ್ಮವನ್ನು ತೆಗೆಸಿಕೊಂಡೆ. ಅಂದಕ್ಕಾಗಿಯೇ, ಮುಚ್ಚಿಡುವುದೇನಿದೆ? ಆದರೆ ವಿಜಯಪುರದ ನಮ್ಮ ಓಣಿಗೆ ಕಣ್ಣಿನ ಆಪರೇಷನ್ ಎಂದರೆ ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಒಂದೇ. ಎದುರು ಮನೆಯ ಕಾಕಾ ಬಂದು, ಲೆನ್ಸ್ ದೇಶಿಯೋ ವಿದೇಶಿಯೋ ಎಂದು ವಿಚಾರಿಸಿದರು. ಐವತ್ತೆಂಟರ ನಿವೃತ್ತ ಗಣಿತ ಶಿಕ್ಷಕಿಗೆ ಮೋತಿಬಿಂದುವೇ ಮರ್ಯಾದೆ ಎಂದು ಸುಮ್ಮನಾದೆ.

ಮೊದಲ 48 ಗಂಟೆ ತಣ್ಣೀರು ಪಟ್ಟಿಯದೇ ಕೆಲಸ. ಕುದಿಸಿ ಆರಿಸಿದ ನೀರನ್ನು ಫ್ರಿಜ್ಜಿನಲ್ಲಿಟ್ಟು, ಗಾಜ್ ಬಟ್ಟೆ ಅದ್ದಿ ಹಿಂಡಿ, ಒತ್ತದೆ ಹಾಸಬೇಕು. ಬರ್ಫವನ್ನು ನೇರವಾಗಿ ಇಡುವಂತಿಲ್ಲ. ತಲೆಗೆ ಎರಡು ದಿಂಬು. ಆದರೂ ಬೆಳಗಾದರೆ ಬಾವು ಜಾಸ್ತಿ, ಸಂಜೆಗೆ ಇಳಿತ. ಎಡಗಣ್ಣು ಬಲಗಣ್ಣಿಗಿಂತ ಹೆಚ್ಚು ಊದಿತ್ತು. ಅದು ಸಹಜವಂತೆ, ಎರಡೂ ಒಟ್ಟಿಗೆ ಮಾಯಲೇಬೇಕೆಂಬ ನಿಯಮವಿಲ್ಲ.

ಕನ್ನಡಿಯಲ್ಲಿ ನೋಡಿದರೆ ರೆಪ್ಪೆಯ ಮಡಿಕೆಯಲ್ಲಿ ಕಪ್ಪು ದಾರ, ಅದರ ಮೇಲೆ ರಾಗಿಕಾಳಿನಂತೆ ಒಣಗಿದ ರಕ್ತ. ಉಗುರು ತಾನಾಗಿ ಅತ್ತ ಹೋಗುತ್ತದೆ! ಕೀಳಬಾರದು. ಒದ್ದೆ ಹತ್ತಿಯಿಂದ ನೆನೆಸಿದರೆ ತಾನೇ ಬಿಡುತ್ತದೆ. ಆಮೇಲೆ ಮುಲಾಮನ್ನು ತೆಳ್ಳಗೆ ಸವರಬೇಕು. “ವೈನಿ, ಅರಿಷಿಣ ತುಪ್ಪ ಹಚ್ಚಿರಿ” ಎಂದು ಪಕ್ಕದ ಮನೆಯಾಕೆ ಬಟ್ಟಲನ್ನೇ ತಂದಳು. ಬಟ್ಟಲು ಅಡುಗೆಮನೆ ಸೇರಿತು.

ನಿಜವಾದ ಕಷ್ಟವೆಂದರೆ ರೊಟ್ಟಿ. ಬಗ್ಗಿ ಬಡಿದರೆ ರಕ್ತದ ಒತ್ತಡವೆಲ್ಲ ಕಣ್ಣಿಗೆ, ಮೇಲಿಂದ ಹಂಚಿನ ಝಳ. ಸೊಸೆ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಓಣಿಯಲ್ಲಿ ಮೆಣಸಿನಕಾಯಿ ಕುಟ್ಟುವ ದಿನ ಕಿಟಕಿಯನ್ನೂ ಮುಚ್ಚಿದಳು.

ಡಾಕ್ಟರು ಮಾತ್ರ ಒಂದು ವಿಷಯವನ್ನು ಎರಡೆರಡು ಸಲ ಹೇಳಿದ್ದರು: ಒಮ್ಮೆಲೇ ಜೋರು ನೋವು, ಕಣ್ಣು ಮುಂದಕ್ಕೆ ಉಬ್ಬಿದಂತಾಗುವುದು, ದೃಷ್ಟಿ ಮಸುಕಾಗುವುದು – ಇವು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಕಣ್ಣಿನ ಹಿಂದೆ ರಕ್ತ ಸೇರಿ ನರವನ್ನು ಒತ್ತಿದರೆ ದೃಷ್ಟಿಯೇ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಅವರನ್ನು ಕೇಳದೆ ತೆಗೆದುಕೊಳ್ಳುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ.

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 5ರಿಂದ 7 ದಿನಕ್ಕೆ. ರೆಪ್ಪೆಯದು ದೇಹದಲ್ಲೇ ಅತಿ ತೆಳುವಾದ ಚರ್ಮ, ರಕ್ತ ಸಂಚಾರವೂ ಚೆನ್ನಾಗಿರುವುದರಿಂದ ಬೇಗ ಕೂಡಿಕೊಳ್ಳುತ್ತದೆ. ಗೆರೆಯ ಕೆಂಪು ಮಾಸಲು ಮಾತ್ರ ತಿಂಗಳುಗಳೇ ಬೇಕು. ನಮ್ಮೂರಿನ ಬಿಸಿಲು ತಾಗಿದರೆ ಅದು ಕಪ್ಪಾಗುತ್ತದೆ. ಹಾಗಾಗಿ ಸ್ಟೇಷನ್ ರಸ್ತೆಗೆ ಹೋದರೂ ಕಪ್ಪು ಕನ್ನಡಕ. ರಾತ್ರಿ ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ಒಣಗುತ್ತಿತ್ತು, ಅದಕ್ಕೆ ಜೆಲ್ ಕೊಟ್ಟಿದ್ದಾರೆ. ಕಾಡಿಗೆಗೆ ಡಾಕ್ಟರು ಒಪ್ಪಿದ್ದಾರೆ, ಹಳೆಯ ಡಬ್ಬಿ ಬೇಡವೆಂಬ ಷರತ್ತಿನ ಮೇಲೆ.